ಪಾಮ್ ಮರ ಯಾವುದು ಅಂತ ಹತ್ತಿರದ ಫೋಟೋದಿಂದ ಗುರುತಿಸುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಪಾಮ್ ಫೋಟೋ ಕಳಿಸಿ "ಇದ್ಯಾವುದು?" ಅಂತ ಕೇಳುವವರು ಜಾಸ್ತಿ. ಕೇಳುವ ಪ್ರಶ್ನೆಗಳು ಮಾತ್ರ ಹೆಚ್ಚು ಕಮ್ಮಿ ಅವೇ. ಮಾತಿನಲ್ಲಿ, ಪತ್ರದಲ್ಲಿ, ಮೆಸೇಜಿನಲ್ಲಿ ಮತ್ತೆ ಮತ್ತೆ ಬಂದವನ್ನು ಇಲ್ಲಿ ಸೇರಿಸಿದ್ದೇನೆ. ಸುಲಭದ್ದು ಮೊದಲು, ತಲೆ ತಿನ್ನುವುದು ಆಮೇಲೆ. ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ: ಇಲ್ಲಿ ಗರಿ ಅಂದರೆ ಮರದ ಒಂದು ಇಡೀ ಎಲೆ, ಕಿರುಎಲೆ ಅಂದರೆ ಆ ಗರಿಯಲ್ಲಿರುವ ಒಂದೊಂದು ಪಟ್ಟಿ.

## ಶುರು ಮಾಡುವವರಿಗೆ

ಪಾಮ್ ಅಂದ್ರೆ ಗಾರ್ಡನ್‌ನಲ್ಲಿ ಇಡೋ ಶೋ ಗಿಡ ಅಲ್ವಾ? ತೆಂಗು, ಅಡಿಕೆನೂ ಪಾಮ್ ಅಂತೀರಲ್ಲ?

ಹೌದು, ಎಲ್ಲಾ ಒಂದೇ ಕುಟುಂಬ. ತೆಂಗು, ಅಡಿಕೆ, ಈಚಲು, ತಾಳೆ, ಬಗನಿ, ಕಾಡಿನಲ್ಲಿ ಹಬ್ಬುವ ಬೆತ್ತ, ಹೋಟೆಲ್ ಮುಂದೆ ಕುಂಡದಲ್ಲಿ ನಿಂತಿರುವ ಶೋ ಗಿಡ, ಇವೆಲ್ಲ ಅರೆಕೇಸಿಯೇ ಕುಟುಂಬದವು. ಪ್ರಪಂಚದಲ್ಲಿ ಒಟ್ಟು ಸುಮಾರು 2600 ಪ್ರಭೇದಗಳಿವೆ. ಗಾಬರಿ ಬೇಡ. ನಮ್ಮ ಊರುಗಳಲ್ಲಿ, ತೋಟ, ರಸ್ತೆ, ಪಾರ್ಕು ಎಲ್ಲಾ ಸೇರಿಸಿದರೂ ಮತ್ತೆ ಮತ್ತೆ ಕಣ್ಣಿಗೆ ಬೀಳುವುದು ಕೆಲವೇ ಕೆಲವು.

ಮನೆ ಮುಂದಿನ ಮರದ ಫೋಟೋ ಕಳಿಸಿದ್ದೀನಿ ಸರ್, ಹೆಸರು ಹೇಳ್ತೀರಾ?

ಇಂಥ ಫೋಟೋಗಳಲ್ಲಿ ಮುಕ್ಕಾಲು ಪಾಲು ದೂರದಿಂದ ತೆಗೆದವು. ಹಿಂದೆ ಬಿಳಿ ಆಕಾಶ, ಮುಂದೆ ಕಪ್ಪಗೆ ಒಂದು ಮರ. ಅದರಲ್ಲಿ ಮರದ ಆಕಾರ ಕಾಣುತ್ತದೆ, ಅಷ್ಟೇ. ಬೇರೆ ಬೇರೆ ಕುಲದ ಪಾಮ್‌ಗಳು ದೂರದಿಂದ ಒಂದೇ ತರ ಕಾಣಬಹುದು, ಒಂದೇ ಮರ ನೆರಳಲ್ಲಿ ಬೆಳೆದರೆ ಒಂದು ತರ, ಬಿಸಿಲಲ್ಲಿ ಬೆಳೆದರೆ ಇನ್ನೊಂದು ತರ ಕಾಣಬಹುದು. ಗುರುತು ಸಿಗುವುದು ಹತ್ತಿರದ ಫೋಟೋದಲ್ಲಿ. ಹಾಗಂತ ಎಲ್ಲೋ ಒಂದು ಎಲೆಯ ಮಧ್ಯಭಾಗ ಮಾತ್ರ ತೆಗೆದು ಕಳಿಸಿದರೂ ಪ್ರಯೋಜನ ಇಲ್ಲ. ಹತ್ತಿರ ಹೋಗಬೇಕು, ಸರಿಯಾದ ಜಾಗಕ್ಕೆ ಹೋಗಬೇಕು.

ಯಾವ ಜಾಗ? ಮೊದಲು, ಕಿರುಎಲೆ ಗರಿಯ ನಡುದಂಡಿಗೆ ಅಂಟಿಕೊಂಡಿರುವ ಬುಡ. ಎಲ್ಲಕ್ಕಿಂತ ಮುಖ್ಯ ಇದು, ಜನ ಬಿಡುವುದೂ ಇದನ್ನೇ. ಆಮೇಲೆ ಕಿರುಎಲೆಯ ತುದಿ. ಆಮೇಲೆ ತೊಟ್ಟಿನ ಎರಡೂ ಅಂಚು, ಮುಳ್ಳು ಇದ್ದರೆ ಮುಳ್ಳಿನ ಸಮೇತ. ಆಮೇಲೆ ಗರಿಯ ಬುಡ ಕಾಂಡವನ್ನು ಅಪ್ಪಿಕೊಂಡಿರುವ ಜಾಗ, ಅಂದರೆ ಅಡಿಕೆಯಲ್ಲಿ ನಾವು ಹಾಳೆ ಅನ್ನುವ ಭಾಗ. ಹೂವೋ ಕಾಯಿಯೋ ಇದ್ದರೆ ಅದು ಎಲ್ಲಿಂದ ಹೊರಟಿದೆ ಅನ್ನುವುದು ಕಾಣುವ ಹಾಗೆ ಒಂದು. ಕೊನೆಗೆ ಬುಡದ ಫೋಟೋ: ಒಂಟಿ ಕಾಂಡವೋ, ಗುಂಪೋ. ಇಷ್ಟರ ಜೊತೆಗೆ ಇಡೀ ಮರದ್ದೂ ಒಂದಿರಲಿ. ಊರು ಯಾವುದು, ನೆಟ್ಟದ್ದೋ ತಾನಾಗಿ ಬೆಳೆದದ್ದೋ ಅನ್ನುವುದನ್ನೂ ಬರೆಯಿರಿ, ಅದರಿಂದ ಅರ್ಧ ಹುಡುಕಾಟ ಉಳಿಯುತ್ತದೆ.

ಇದು ಪಾಮ್ ಹೌದೋ ಅಲ್ವೋ ಅನ್ನೋದೇ ಡೌಟು. ಹೆಂಗೆ ನೋಡೋದು?

ಪಾಮ್ ಅಂತ ಕಳಿಸುವ ಫೋಟೋಗಳಲ್ಲಿ ಪಾಮ್ ಅಲ್ಲದ್ದು ಬಹಳ ಬರುತ್ತದೆ. ಮೊದಲನೆಯದು ಸೈಕಸ್. ನರ್ಸರಿಯವರು ಸಾಗೋ ಪಾಮ್ ಅಂತಲೇ ಮಾರುತ್ತಾರೆ, ಆದರೆ ಅದು ಹೂವೇ ಬಿಡದ ಬೇರೆಯದೇ ಗುಂಪಿನ ಗಿಡ. ಅದರ ಕಿರುಎಲೆಯಲ್ಲಿ ಮಡಿಕೆ, ಅಂದರೆ ಬುಡದಲ್ಲಿ ಉದ್ದಕ್ಕೆ ಮಡಚಿದ ಗುರುತು, ಇರುವುದಿಲ್ಲ, ಗಟ್ಟಿಯಾಗಿ ಚಪ್ಪಟೆ ಇದ್ದು ನಡುವೆ ಒಂದೇ ನರ ಇರುತ್ತದೆ. ಹೊಸ ಗರಿ ಬರುವಾಗ ಹತ್ತಿರದಿಂದ ನೋಡಿ, ಎಳೆಯ ಕಿರುಎಲೆಗಳು ಸುರುಳಿ ಸುತ್ತಿಕೊಂಡಿರುತ್ತವೆ. ಪಾಮ್‌ನಲ್ಲಿ ಹಾಗಿಲ್ಲ, ಹೊಸ ಗರಿ ಮಡಚಿದ ಸುಳಿಯಾಗಿ ನೆಟ್ಟಗೆ ಏಳುತ್ತದೆ.

ಎರಡನೆಯದು ಟ್ರಾವೆಲರ್ಸ್ ಪಾಮ್. ದೊಡ್ಡ ಬೀಸಣಿಗೆಯ ಹಾಗೆ ನಿಲ್ಲುತ್ತದೆ, ಆದರೆ ಒಂದೊಂದು ಎಲೆಯೂ ಬಾಳೆ ಎಲೆಯದೇ ರೂಪ. ಬಾಳೆಗೆ ಹತ್ತಿರದ ಸಂಬಂಧಿ ಅದು. ಮೂರನೆಯದು ಕೇದಗೆ. ಅದರ ಉದ್ದ ಎಲೆಯ ಎರಡು ಅಂಚಿನಲ್ಲೂ, ಬೆನ್ನ ಮೇಲಿನ ನರದಲ್ಲೂ ಮುಳ್ಳಿರುತ್ತದೆ, ಎಲೆಗೆ ತೊಟ್ಟೇ ಇರುವುದಿಲ್ಲ. ಡ್ರಸೀನಾ, ಯುಕ್ಕಾ ಕೂಡ ಆಗಾಗ ಬರುತ್ತವೆ. ಅವುಗಳ ಎಲೆ ಸೀಳಿಲ್ಲದ ಒಂದೇ ಪಟ್ಟಿ.

ಮೊಬೈಲ್ ಕ್ಯಾಮೆರಾ ಸಾಕಾ, ಮ್ಯಾಕ್ರೋ ಲೆನ್ಸ್ ಬೇಕಾ?

ಮೊಬೈಲ್ ಧಾರಾಳ ಸಾಕು. ಫೋಕಸ್ ಆಗದಿದ್ದರೆ ಸ್ವಲ್ಪ ಹಿಂದೆ ಸರಿದು ತೆಗೆದು ಆಮೇಲೆ ಕತ್ತರಿಸಿಕೊಳ್ಳಿ, ತೀರಾ ಹತ್ತಿರ ಹಿಡಿದು ಮಸುಕು ಮಾಡುವುದಕ್ಕಿಂತ ಅದು ವಾಸಿ. ಪಕ್ಕದಲ್ಲಿ ಪೆನ್ನೋ ನಾಣ್ಯವೋ ಇಡಿ, ಅಳತೆ ಗೊತ್ತಾಗುತ್ತದೆ. ಎಲೆಯ ಹಿಂಬದಿ ತೆಗೆಯುವಾಗ ಫ್ಲ್ಯಾಶ್ ಹಾಕಬೇಡಿ. ಹಿಂಬದಿ ಬೆಳ್ಳಗಿದೆಯೋ ಹಸಿರಿದೆಯೋ ಅನ್ನುವುದು ಕೆಲವು ಪಾಮ್‌ಗಳಲ್ಲಿ ನಿರ್ಣಾಯಕ, ಫ್ಲ್ಯಾಶ್ ಬಿದ್ದರೆ ಎಲ್ಲವೂ ಬೆಳ್ಳಗೇ ಕಾಣುತ್ತದೆ. ಎತ್ತರದ ಮರಕ್ಕೆ ಹತ್ತುವುದೇನೂ ಬೇಡ. ಕೆಳಗೆ ಬಿದ್ದ ಗರಿಯನ್ನು ತಿರುಗಿಸಿ ತೆಗೆಯಿರಿ, ಒಣಗಿದ್ದರೂ ಮಡಿಕೆ, ಮುಳ್ಳು, ತುದಿ ಎಲ್ಲಾ ಹಾಗೇ ಇರುತ್ತದೆ.

## ನಮ್ಮ ಸುತ್ತಮುತ್ತಲಿನವು

ನರ್ಸರಿಯಲ್ಲಿ ಅರೆಕಾ ಪಾಮ್ ಅಂತ ಕೊಟ್ಟರು. ಇದರಲ್ಲಿ ಅಡಿಕೆ ಯಾವಾಗ ಬಿಡುತ್ತೆ?

ಬಿಡುವುದಿಲ್ಲ. ನರ್ಸರಿಯ ಅರೆಕಾ ಪಾಮ್ ಮಡಗಾಸ್ಕರ್ ಮೂಲದ ಬೇರೆಯೇ ಗಿಡ. ಅಡಿಕೆ ಒಂಟಿ ಕಾಂಡದ್ದು, ಇದು ಬುಡದಿಂದ ಹಲವು ಕಾಂಡ ಒಡೆದು ಗುಂಪಾಗಿ ಬೆಳೆಯುತ್ತದೆ. ತೊಟ್ಟಿನ ಹತ್ತಿರದ ಫೋಟೋ ಇದ್ದರೆ ಸಂಶಯವೇ ಬೇಡ: ಹಳದಿ ಬಣ್ಣ, ಮೇಲೆ ಬಿಳಿ ಪುಡಿಯಂಥ ಮೇಣ, ಅಲ್ಲಲ್ಲಿ ಸಣ್ಣ ಸಣ್ಣ ಕಪ್ಪು ಚುಕ್ಕಿ. ಆ ಚುಕ್ಕಿ ನೋಡಿ ರೋಗ ಅಂತ ಔಷಧಿ ಹೊಡೆಯುವವರಿದ್ದಾರೆ. ಅದು ಗಿಡದ ಸಹಜ ಗುಣ, ಸುಮ್ನೆ ಬಿಡಿ.

ನಿಜವಾದ ಅಡಿಕೆಯಲ್ಲಿ ಕಿರುಎಲೆ ಅಗಲ, ಒಂದೊಂದರಲ್ಲೂ ಹಲವು ನರಗಳು ಎದ್ದು ಕಾಣುತ್ತವೆ. ಗರಿಯ ತುದಿಯ ಕಿರುಎಲೆಗಳು ಕೂಡಿಕೊಂಡು ಅಗಲವಾಗಿ, ಅಂಚಿನಲ್ಲಿ ಹಲ್ಲು ಹಲ್ಲಾಗಿರುತ್ತವೆ. ಕಾಂಡದ ಮೇಲೆ ಪೂರ್ತಿ ಸುತ್ತುವ ಉಂಗುರಗಳು, ಅದರ ಮೇಲೆ ಹಾಳೆಗಳು ಸುತ್ತಿ ಆದ ನುಣ್ಣನೆಯ ಹಸಿರು ಕೊಳವೆ. ಸಿಂಗಾರ, ಅಂದರೆ ಹೂಗೊಂಚಲು, ಹೊರಡುವುದು ಆ ಕೊಳವೆಯ ಕೆಳಗಿನಿಂದ. ಶಿರಸಿ, ಸಾಗರ, ತೀರ್ಥಹಳ್ಳಿ ಕಡೆಯವರಿಗೆ ಇದನ್ನೆಲ್ಲ ಹೇಳಬೇಕಾಗಿಲ್ಲ, ಬೆಂಗಳೂರಿನ ಅಪಾರ್ಟ್‌ಮೆಂಟಿನವರಿಗೆ ಹೇಳುತ್ತಿದ್ದೇನೆ.

ಇದೇ ಗೊಂದಲಕ್ಕೆ ಸೇರುವ ಇನ್ನೊಂದಿದೆ, ಮೆಕ್‌ಆರ್ಥರ್ ಪಾಮ್. ಅದೂ ಗುಂಪು, ಆದರೆ ತೊಟ್ಟು ಹಸಿರು, ಕಿರುಎಲೆಯ ತುದಿ ಚೂಪಲ್ಲ, ಕಚ್ಚಿ ತೆಗೆದ ಹಾಗೆ ಮೊಂಡು. ಕಾಯಿ ಹಣ್ಣಾದರೆ ಕೆಂಪು. ನರ್ಸರಿಯ ಅರೆಕಾದ ಕಿರುಎಲೆ ಚೂಪು. ಈ ಎರಡನ್ನು ಬಿಡಿಸಲು ಒಂದು ತುದಿಯ ಫೋಟೋ ಸಾಕು.

ತೆಂಗಿನ ಸಸಿನೂ ಅಡಿಕೆ ಸಸಿನೂ ಫೋಟೋದಲ್ಲಿ ಒಂದೇ ತರ ಕಾಣ್ತವೆ, ವ್ಯತ್ಯಾಸ ಏನು?

ಮೊದಲ ಎಲೆ ನೋಡಿ. ಅಡಿಕೆಯಲ್ಲಿ ಮೊದಲ ಎಲೆಯೇ ಎರಡಾಗಿ ಸೀಳಿರುತ್ತದೆ. ತೆಂಗಿನಲ್ಲಿ ಮೊದಮೊದಲಿನ ಎಲೆಗಳು ಸೀಳಿಲ್ಲದೆ ಇಡಿಯಾಗಿರುತ್ತವೆ, ಕಿರುಎಲೆಯಾಗಿ ಬಿಡಿಸಿಕೊಳ್ಳುವುದು ಆಮೇಲೆ. ದೊಡ್ಡ ಮರದಲ್ಲಿ ತೆಂಗಿಗೆ ಹಸಿರು ಕೊಳವೆ ಇರುವುದಿಲ್ಲ. ಗರಿಯ ಬುಡದಲ್ಲಿ ಕಂದು ನಾರಿನ ಜಾಲರಿ ಇರುತ್ತದೆ, ಕಿರುಎಲೆಯಲ್ಲಿ ಪೊರಕೆ ಕಡ್ಡಿಯಾಗುವ ಒಂದೇ ಗಟ್ಟಿ ನರ ಇರುತ್ತದೆ.

ಇದು ಈಚಲ ಮರನಾ, ಖರ್ಜೂರದ ಮರನಾ? ನಮ್ಮ ಹೊಲದ ಬದುವಲ್ಲಿದೆ.

ಬಯಲುಸೀಮೆಯಲ್ಲಿ ಬದುವಿನ ಮೇಲೆ ತಾನಾಗಿ ಹುಟ್ಟಿದ್ದರೆ ಈಚಲು ಅನ್ನುವುದೇ ಸರಿ. ಆದರೂ ಫೋಟೋದಿಂದ ಹೇಳುವುದಾದರೆ ಹೀಗೆ. ಮೊದಲಿಗೆ ಇವೆರಡೂ ಫೀನಿಕ್ಸ್ ಕುಲದವು ಅನ್ನುವುದು ಖಚಿತವಾಗಬೇಕು. ಗರಿಯ ಕೆಳಭಾಗದ ಕಿರುಎಲೆಗಳೇ ಉದ್ದ ಮುಳ್ಳಾಗಿ ಬದಲಾಗಿರುತ್ತವೆ. ಮುಳ್ಳಿನಿಂದ ಮೇಲಕ್ಕೆ ಸಾಲಾಗಿ ಫೋಟೋ ತೆಗೆದರೆ ಮುಳ್ಳು ಮೆಲ್ಲಗೆ ಎಲೆಯಾಗುವುದು ಕಾಣುತ್ತದೆ. ನಮ್ಮಲ್ಲಿ ಕಾಣುವ ಬೇರೆ ಪಾಮ್‌ಗಳಲ್ಲಿ ಹೀಗಿಲ್ಲ.

ಇನ್ನು ಈಚಲೋ ಖರ್ಜೂರವೋ ಅನ್ನುವುದು. ಈಚಲು ಒಂಟಿ ಕಾಂಡ. ಖರ್ಜೂರ ಬುಡದಲ್ಲಿ ಮರಿ ಹಾಕುತ್ತದೆ, ಆದರೆ ತೋಟದವರು ಮರಿ ಕಿತ್ತಿರಬಹುದು, ಹಾಗಾಗಿ ಮರಿ ಇಲ್ಲ ಅಂದ ಮಾತ್ರಕ್ಕೆ ಈಚಲು ಅನ್ನಬೇಡಿ. ಈಚಲಿನ ಕಿರುಎಲೆಗಳು ಗುಂಪುಗುಂಪಾಗಿ ಹೊರಟು ಬೇರೆ ಬೇರೆ ದಿಕ್ಕಿಗೆ ಚಾಚುತ್ತವೆ, ಗರಿ ಪೊದೆಯಾಗಿ ಕಾಣುತ್ತದೆ. ಖರ್ಜೂರದ ಗರಿ ಬೂದು ಮಿಶ್ರಿತ ಹಸಿರು, ಕಿರುಎಲೆ ತುಂಬಾ ಬಿರುಸು. ಹಣ್ಣು ಸಿಕ್ಕಿದರೆ ಇನ್ನೂ ಸುಲಭ, ಈಚಲ ಹಣ್ಣಿನಲ್ಲಿ ಬೀಜವೇ ಜಾಸ್ತಿ, ತಿರುಳು ಹೆಸರಿಗೆ ಮಾತ್ರ.

ಮಲೆನಾಡಿನ ಹುಲ್ಲುಗುಡ್ಡಗಳಲ್ಲಿ ಮೊಣಕಾಲಿನಿಂದ ಆಳೆತ್ತರದವರೆಗೆ ಬೆಳೆಯುವ ಸಣ್ಣ ಈಚಲು ಬೇರೆ, ಅದು ಫೀನಿಕ್ಸ್ ಲೌರೈರಿ. ಅದನ್ನು ಈಚಲ ಸಸಿ ಅಂದುಕೊಳ್ಳುವುದು ಸಾಮಾನ್ಯ. ಇಷ್ಟು ಗಿಡ್ಡ ಇದ್ದೂ ಹೂ, ಕಾಯಿ ಬಂದಿದ್ದರೆ ಸಸಿ ಅಲ್ಲ, ದೊಡ್ಡದೇ. ಮನೆಯಂಗಳದಲ್ಲಿ ನೆಡುವ ಕುಳ್ಳ ಫೀನಿಕ್ಸ್ ಆಗ್ನೇಯ ಏಷ್ಯಾದಿಂದ ಬಂದದ್ದು. ಅದರ ಕಿರುಎಲೆ ತೆಳು, ಮೆತ್ತಗೆ, ಒಂದೇ ಮಟ್ಟದಲ್ಲಿ ಎರಡು ಸಾಲಾಗಿ ಜೋಡಿಸಿದ ಹಾಗಿರುತ್ತದೆ.

ತಾಳೆ ಅಂದರೆ ಯಾವುದು? ಎಣ್ಣೆ ತೆಗೆಯೋದೋ, ತಾಟಿ ನುಂಗು ಬಿಡೋದೋ, ಓಲೆಗರಿಯದೋ?

ಜನ ಮೂರನ್ನೂ ತಾಳೆ ಅನ್ನುತ್ತಾರೆ, ಹಾಗಾಗಿ ಹೆಸರು ಹಿಡಿದು ಹೋದರೆ ದಾರಿ ತಪ್ಪುತ್ತದೆ. ಎಣ್ಣೆ ತಾಳೆ ಆಫ್ರಿಕಾ ಮೂಲದ್ದು, ಅದರ ಗರಿ ತೆಂಗಿನ ಹಾಗೆ ಉದ್ದಕ್ಕೆ ಸೀಳಿರುತ್ತದೆ. ಉಳಿದೆರಡರದ್ದು ಬೀಸಣಿಗೆ ಎಲೆ. ಅಲ್ಲಿಗೆ ಒಂದು ಬೇರೆಯಾಯಿತು.

ನುಂಗು ಬಿಡುವ ತಾಳೆ, ಬೊರಾಸಸ್, ತೊಟ್ಟಿನ ಫೋಟೋದಲ್ಲಿ ಸಿಕ್ಕಿಬೀಳುತ್ತದೆ. ಅಂಚಿನುದ್ದಕ್ಕೂ ಕಪ್ಪಗೆ ಗಟ್ಟಿಯಾದ ಹಲ್ಲುಗಳು, ಒಂದು ದೊಡ್ಡದು ಒಂದು ಚಿಕ್ಕದು, ಲೆಕ್ಕವಿಲ್ಲದ ಹಾಗೆ. ತೊಟ್ಟಿನ ಬುಡ ಕಾಂಡದ ಹತ್ತಿರ ತ್ರಿಕೋನವಾಗಿ ಎರಡಾಗಿ ಸೀಳಿರುತ್ತದೆ. ಹಳೇ ತೊಟ್ಟುಗಳು ಕಾಂಡದ ಮೇಲೆ ಉಳಿದಿದ್ದರೆ ಆ ಸೀಳು ದೂರದಿಂದಲೂ ಕಾಣುತ್ತದೆ. ಗಂಡು ಮರ, ಹೆಣ್ಣು ಮರ ಬೇರೆ ಬೇರೆ, ಹಾಗಾಗಿ "ನಮ್ಮ ಮರದಲ್ಲಿ ಕಾಯಿಯೇ ಬಿಟ್ಟಿಲ್ಲ, ತಾಳೆ ಅಲ್ಲವೇನೋ" ಅನ್ನುವ ವಾದ ನಿಲ್ಲುವುದಿಲ್ಲ.

ಓಲೆಗರಿಯ ಶ್ರೀತಾಳೆ, ಕೊರಿಫಾ ಅಂಬ್ರಾಕ್ಯುಲಿಫೆರಾ, ಇದಕ್ಕಿಂತ ಎಲ್ಲದರಲ್ಲೂ ದೊಡ್ಡದು. ಎಲೆಯ ಹತ್ತಿರದ ಫೋಟೋದಲ್ಲಿ ಒಂದು ವಿಷಯ ನೋಡಿ: ತೊಟ್ಟು ಎಲೆ ಸೇರುವಲ್ಲಿ ನಿಲ್ಲುವುದಿಲ್ಲ, ದಪ್ಪ ನರವಾಗಿ ಬೀಸಣಿಗೆಯ ಒಳಕ್ಕೆ ಬಹಳ ದೂರ ಹೋಗುತ್ತದೆ. ಬೊರಾಸಸ್‌ನಲ್ಲೂ ಈ ನರ ಇದೆ, ಆದರೆ ಗಿಡ್ಡ. ಶ್ರೀತಾಳೆ 30ರಿಂದ 80 ವರ್ಷದ ನಡುವೆ ಒಮ್ಮೆ ಮಾತ್ರ ಹೂ ಬಿಟ್ಟು ಸಾಯುತ್ತದೆ. ಆ ಹೂಗೊಂಚಲು ಮರದ ನೆತ್ತಿಯಿಂದ 6ರಿಂದ 8 ಮೀಟರ್ ಏಳುತ್ತದೆ, ಸಸ್ಯ ಲೋಕದಲ್ಲೇ ಅತಿ ದೊಡ್ಡ ಹೂಗೊಂಚಲು ಅದು. ನಿಮ್ಮ ಕಡೆ ಯಾವುದಾದರೂ ಹೂ ಬಿಟ್ಟಿದ್ದರೆ ಎಲೆಯ ಮಾತು ಆಮೇಲೆ, ಮೊದಲು ಅದರ ಫೋಟೋ ತೆಗೆದಿಡಿ.

ಬಗನಿ ಮರ ಅಂತ ಹೇಳೋಕೆ ಒಂದು ಎಲೆ ಫೋಟೋ ಸಾಕಾ?

ಕುಲ ಹೇಳಲು ಒಂದೇ ಕಿರುಎಲೆ ಸಾಕು. ಮೀನಿನ ಬಾಲದ ಆಕಾರ, ಹರಿದ ಅಂಚು, ಗರಿಯೊಳಗೆ ಮತ್ತೆ ಕವಲು. ಗರಿ ಎರಡು ಸಲ ಕವಲೊಡೆಯುವುದು ಪಾಮ್‌ಗಳಲ್ಲೇ ಕ್ಯಾರಿಯೋಟಾ ಕುಲದಲ್ಲಿ ಮಾತ್ರ. ಆದರೆ ಪ್ರಭೇದ ಹೇಳಲು ಬುಡ ಬೇಕು. ನಮ್ಮ ಮಲೆನಾಡಿನ ಬಗನಿ, ಕೆಲವು ಕಡೆ ಬೈನೆ ಅನ್ನುವುದು, ಒಂಟಿ ಕಾಂಡದ ದೊಡ್ಡ ಮರ. ಪಾರ್ಕುಗಳಲ್ಲಿ ಗುಂಪಾಗಿ ಪೊದೆಯಂತೆ ಬೆಳೆಯುವುದು ಕ್ಯಾರಿಯೋಟಾ ಮೈಟಿಸ್. ಹೂಗೊಂಚಲು ಮೊದಲು ನೆತ್ತಿಯಲ್ಲಿ ಬಂದು ಆಮೇಲೆ ಒಂದೊಂದಾಗಿ ಕೆಳಗಿಳಿಯುತ್ತಾ ಬರುವುದೂ ಇವುಗಳ ಗುರುತು. ಅತಿ ಕೆಳಗಿನದು ಮುಗಿದ ಮೇಲೆ ಆ ಕಾಂಡ ಸಾಯುತ್ತದೆ.

ಫೋಟೋಗೋಸ್ಕರ ಹಣ್ಣನ್ನು ಬರಿಗೈಯಲ್ಲಿ ಹಿಸುಕಬೇಡಿ. ಒಳಗಿನ ಸೂಜಿಯಂಥ ಹರಳುಗಳು ವಿಪರೀತ ತುರಿಕೆ ತರುತ್ತವೆ.

## ಹತ್ತಿರ ಹೋಗಿ ನೋಡುವಾಗ

ಮಡಿಕೆ ನೋಡಿ, ಮಡಿಕೆ ನೋಡಿ ಅಂತೀರಲ್ಲ, ಏನದು ಮಡಿಕೆ?

ಕಿರುಎಲೆ ನಡುದಂಡಿಗೆ ಸೇರುವ ಬುಡದಲ್ಲಿ ಅದು ಉದ್ದಕ್ಕೆ ಮಡಚಿರುತ್ತದೆ. ಎರಡೇ ರೀತಿ. ಒಂದು, ಅಂಚುಗಳು ಮೇಲಕ್ಕೆ ಎದ್ದು ಮಳೆ ನೀರು ಬಿದ್ದರೆ ಒಳಗೆ ನಿಲ್ಲುವ ಹಾಗೆ, ಅಂದರೆ ಇಂಗ್ಲಿಷಿನ ವಿ ಅಕ್ಷರದ ಹಾಗೆ. ಇನ್ನೊಂದು, ಅಂಚುಗಳು ಕೆಳಗಿಳಿದು ನೀರು ಎರಡೂ ಕಡೆ ಹರಿದುಹೋಗುವ ಹಾಗೆ, ಅಂದರೆ ತಲೆಕೆಳಗಾದ ವಿ. ಈಚಲು, ಖರ್ಜೂರ, ಬಗನಿ ಮೊದಲನೆಯ ಬಗೆ. ತೆಂಗು, ಅಡಿಕೆ, ಎಣ್ಣೆ ತಾಳೆ, ರಾಯಲ್ ಪಾಮ್, ಬೆತ್ತ ಎರಡನೆಯ ಬಗೆ. ನಮ್ಮಲ್ಲಿ ಕಾಣುವ ಬೀಸಣಿಗೆ ಎಲೆಯವುಗಳಲ್ಲಿ ತಾಳೆ, ಶ್ರೀತಾಳೆ, ಚೈನೀಸ್ ಫ್ಯಾನ್ ಪಾಮ್ ಮೊದಲಾದವು ಮೊದಲನೆಯದಕ್ಕೇ ಸೇರುತ್ತವೆ.

ಇದು ಯಾಕೆ ಇಷ್ಟು ಮುಖ್ಯ? ಮರದ ವಯಸ್ಸು, ನೀರು, ಗೊಬ್ಬರ, ಬಿಸಿಲು ಯಾವುದರಿಂದಲೂ ಇದು ಬದಲಾಗುವುದಿಲ್ಲ. ಎತ್ತರ ಬದಲಾಗುತ್ತದೆ, ಬಣ್ಣ ಬದಲಾಗುತ್ತದೆ, ಕಾಂಡದ ದಪ್ಪ ಬದಲಾಗುತ್ತದೆ, ಮಡಿಕೆ ಮಾತ್ರ ಹಾಗೇ. ಒಂದು ಫೋಟೋದಿಂದ ಸಾವಿರಾರು ಪ್ರಭೇದಗಳನ್ನು ಪಕ್ಕಕ್ಕಿಡಬಹುದು. ತೋಟದಲ್ಲಿ ಚಿಕ್ಕ ಎಣ್ಣೆ ತಾಳೆಯನ್ನು ಈಚಲು ಅಂದುಕೊಂಡರೆ, ಎರಡಕ್ಕೂ ಮುಳ್ಳಿದೆ, ಎರಡರ ಕಿರುಎಲೆಯೂ ದಿಕ್ಕಾಪಾಲು, ಆದರೆ ಮಡಿಕೆ ನೋಡಿದ ಕೂಡಲೇ ಜಗಳ ಮುಗಿಯಿತು.

ತೆಗೆಯುವ ಕ್ರಮ: ಗರಿಯ ಮೇಲ್ಮುಖ ಯಾವುದು ಅಂತ ಮೊದಲು ಖಚಿತ ಮಾಡಿಕೊಳ್ಳಿ. ಬಿದ್ದ ಗರಿ ತಲೆಕೆಳಗಾಗಿದ್ದರೆ ಉತ್ತರವೂ ತಲೆಕೆಳಗಾಗುತ್ತದೆ. ಆಮೇಲೆ ಒಂದು ಕಿರುಎಲೆಯನ್ನು ಬುಡದಿಂದ ಎರಡು ಬೆರಳು ಬಿಟ್ಟು ಅಡ್ಡ ಕತ್ತರಿಸಿ, ಕತ್ತರಿಸಿದ ಬಾಯಿಗೆ ಎದುರಾಗಿ ಫೋಟೋ ತೆಗೆಯಿರಿ. ಮಧ್ಯದಲ್ಲಿ ಕತ್ತರಿಸಬೇಡಿ, ಅಲ್ಲಿ ಎಲೆ ಚಪ್ಪಟೆಯಾಗಿರುತ್ತದೆ.

ಎಲೆ ತುದಿಗಳೆಲ್ಲ ಹರಿದಿವೆ, ಹುಳ ತಿಂದಿದ್ಯಾ?

ಎಲ್ಲಾ ಕಿರುಎಲೆಯ ತುದಿಯೂ ಒಂದೇ ರೀತಿ ಹರಿದಿದ್ದರೆ ಹುಳ ಅಲ್ಲ, ಹುಟ್ಟುಗುಣ. ಬಗನಿ, ಮೆಕ್‌ಆರ್ಥರ್, ಫಾಕ್ಸ್‌ಟೇಲ್ ಇವಕ್ಕೆಲ್ಲ ಅಂಚು ಹೀಗೇ. ಹುಳ ತಿಂದದ್ದು ಅಲ್ಲೊಂದು ಇಲ್ಲೊಂದು ಇರುತ್ತದೆ, ಅಂಚು ಕಂದಾಗಿರುತ್ತದೆ. ಹೊಸದಾಗಿ ಬಿಚ್ಚಿಕೊಂಡ ಗರಿಯ ತುದಿ ತೆಗೆದು ನೋಡಿ, ಗೊತ್ತಾಗುತ್ತದೆ.

ಮುಳ್ಳಿನ ಫೋಟೋ ಮಾತ್ರ ಇದೆ. ಏನಾದ್ರೂ ಹೇಳಬಹುದಾ?

ಮುಳ್ಳು ಎಲ್ಲಿಂದ ಹುಟ್ಟಿದೆ ಅಂತ ಕಾಣುತ್ತಿದ್ದರೆ ಬಹಳ ಹೇಳಬಹುದು. ಕಿರುಎಲೆ ಇರಬೇಕಾದ ಜಾಗದಲ್ಲಿ, ಅದೇ ಸಾಲಿನಲ್ಲಿ ಉದ್ದ ಮುಳ್ಳಿದ್ದರೆ ಫೀನಿಕ್ಸ್. ಬೀಸಣಿಗೆ ಎಲೆಯ ತೊಟ್ಟಿನ ಅಂಚಿನಲ್ಲಿ ಹಲ್ಲಿನ ಹಾಗಿದ್ದರೆ ತಾಳೆ, ಶ್ರೀತಾಳೆ, ವಾಷಿಂಗ್ಟೋನಿಯಾ ಕಡೆ ಹೋಗಿ. ಎಣ್ಣೆ ತಾಳೆಯ ತೊಟ್ಟಿನ ಬುಡದ ಮುಳ್ಳುಗಳು ಗಿಡ್ಡ, ಹಾಳೆಯ ನಾರು ಸವೆದು ಉಳಿದ ತುದಿಗಳು ಅವು. ಕಾಂಡವನ್ನೇ ಸುತ್ತಿರುವ ಹಾಳೆಯ ಮೈತುಂಬಾ ಮುಳ್ಳು ಇದ್ದು ಕಾಂಡ ತೆಳ್ಳಗೆ ಹಬ್ಬಿದ್ದರೆ ಬೆತ್ತ.

ರಾಯಲ್ ಪಾಮ್, ಬಾಟಲ್ ಪಾಮ್, ಫಾಕ್ಸ್‌ಟೇಲ್... ಲೇಔಟ್‌ಗಳಲ್ಲಿ ಹಾಕಿರೋದು ಯಾವುದು?

ದುಡ್ಡಿದ್ದ ಲೇಔಟ್ ಆದರೆ ಮೂರೂ ಇರುತ್ತವೆ! ಮೂರಕ್ಕೂ ಹಸಿರು ಕೊಳವೆ ಇದೆ, ಮೂರರ ಕಾಂಡವೂ ನುಣುಪು, ಹಾಗಾಗಿ ಗೊಂದಲ.

ಫಾಕ್ಸ್‌ಟೇಲ್ ಅತಿ ಸುಲಭ. ಕಿರುಎಲೆಗಳು ನಡುದಂಡಿನ ಸುತ್ತಲೂ ಎದ್ದು ಗರಿ ಉರುಟಾಗಿ ಕಾಣುತ್ತದೆ. ಹತ್ತಿರದಲ್ಲಿ ಕಿರುಎಲೆಯ ತುದಿ ಹರಿದ ಹಾಗೆ, ಬೀಜದ ಮೇಲೆ ಕವಲೊಡೆದ ಕಪ್ಪು ನಾರು. ಆಸ್ಟ್ರೇಲಿಯಾದ ಈಶಾನ್ಯ ಮೂಲೆಯ ಕೇಪ್ ಮೆಲ್ವಿಲ್‌ನಲ್ಲಿ ಮಾತ್ರ ಕಾಡುಗಿಡವಾಗಿರುವ ಇದಕ್ಕೆ ವೈಜ್ಞಾನಿಕ ಹೆಸರು ಸಿಕ್ಕಿದ್ದೇ 1983ರಲ್ಲಿ. ಅಷ್ಟರೊಳಗೆ ಇದು ನಮ್ಮ ಗೇಟಿನವರೆಗೆ ಬಂದಿರುವುದು ನೋಡಿದರೆ ನರ್ಸರಿಯವರ ಚುರುಕು ಮೆಚ್ಚಬೇಕು.

ರಾಯಲ್ ಪಾಮ್ ಕ್ಯೂಬಾ ಕಡೆಯದು. ಕಾಂಡ ಸಿಮೆಂಟ್ ಕಂಬದ ಹಾಗೆ ಬೆಳ್ಳಗೆ, ಮಧ್ಯದಲ್ಲೆಲ್ಲೋ ಸ್ವಲ್ಪ ಉಬ್ಬಿರುತ್ತದೆ. ಕಿರುಎಲೆಗಳು ಒಂದೇ ಮಟ್ಟದಲ್ಲಿರದೆ ಹಲವು ಸಾಲಾಗಿರುತ್ತವೆ, ತುದಿ ಚೂಪು. ಇದಕ್ಕೊಂದು ಅಣ್ಣ ಇದ್ದಾನೆ, ರಾಯ್‌ಸ್ಟೋನಿಯಾ ಒಲೆರೇಸಿಯಾ. ಅದರ ಕಿರುಎಲೆಗಳು ಅಷ್ಟು ದಿಕ್ಕಾಪಾಲಲ್ಲ. ಕೆಳಗಿನ ಗರಿಗಳೂ ಜೋತುಬೀಳದೆ ಅಡ್ಡಲಾಗಿ ನಿಲ್ಲುವುದರಿಂದ ಹಸಿರು ಕೊಳವೆ ಪೂರ್ತಿ ಕಾಣುತ್ತದೆ. ಈ ಎರಡನ್ನು ಬಿಡಿಸುವಾಗ ಮಾತ್ರ ಇಡೀ ಮರದ ಫೋಟೋ ಹತ್ತಿರದ ಫೋಟೋಗಿಂತ ಹೆಚ್ಚು ಹೇಳುತ್ತದೆ ಅನ್ನಬಹುದು. ಇನ್ನೊಂದು, ಅಲೆಕ್ಸಾಂಡರ್ ಪಾಮ್. ಅದನ್ನೂ ರಾಯಲ್ ಅಂತ ಮಾರುತ್ತಾರೆ. ಕಿರುಎಲೆ ತಿರುಗಿಸಿ, ಹಿಂಬದಿ ಬೂದಿ ಬಳಿದ ಹಾಗಿದ್ದರೆ ಅಲೆಕ್ಸಾಂಡರ್, ಹಸಿರಿದ್ದರೆ ರಾಯಲ್.

ಬಾಟಲ್ ಪಾಮ್ ಮಾರಿಷಸ್ ಹತ್ತಿರದ ರೌಂಡ್ ಐಲ್ಯಾಂಡ್‌ನದು, ಅಲ್ಲಿ ಕಾಡಿನಲ್ಲಿ ಅಳಿವಿನಂಚಿನಲ್ಲಿದೆ, ಇಲ್ಲಿ ಕಾಂಪೌಂಡಿಗೊಂದು. ಉಬ್ಬು ಬುಡದಲ್ಲಿ. ಉಬ್ಬು ಮಧ್ಯದಲ್ಲಿದ್ದರೆ ಅದು ಸ್ಪಿಂಡಲ್ ಪಾಮ್, ಅದೇ ಕುಲದ ಇನ್ನೊಂದು. ಚಿಕ್ಕ ಗಿಡದಲ್ಲಿ ಉಬ್ಬು ಬಂದಿರದಿದ್ದರೆ ಗರಿ ನೋಡಿ: ಬಾಟಲ್‌ನಲ್ಲಿ ಕಿರುಎಲೆಗಳು ಎರಡೇ ಸಾಲಾಗಿ ಮೇಲಕ್ಕೆತ್ತಿರುತ್ತವೆ, ಸ್ಪಿಂಡಲ್‌ನಲ್ಲಿ ಹಲವು ದಿಕ್ಕಿಗಿರುತ್ತವೆ. ಹಸಿರು ಕೊಳವೆಯ ಕೆಳಗೆ ಕಾಂಡದ ಸುತ್ತ ಹಲವು ಮೊಗ್ಗುಗಳು ಕೊಂಬಿನಂತೆ ಒಟ್ಟಿಗೆ ಎದ್ದಿದ್ದರೆ ಈ ಕುಲವೇ.

ಬೀಸಣಿಗೆ ಎಲೆಯವೆಲ್ಲ ನನಗೆ ಒಂದೇ ತರ ಕಾಣ್ತವೆ. ಹೆಂಗೆ ಬೇರೆ ಮಾಡೋದು?

ಎಲೆಯ ಸೀಳುಗಳ ತುದಿ, ಸೀಳಿನ ಸಂದಿ, ತೊಟ್ಟು, ಈ ಮೂರು ನೋಡಿ. ಸೀಳಿನ ತುದಿಗಳು ಎರಡಾಗಿ ಒಡೆದು ಸೋತು ಕೆಳಗೆ ಜೋತಿದ್ದರೆ ಚೈನೀಸ್ ಫ್ಯಾನ್ ಪಾಮ್, ಅದರ ಮುಳ್ಳು ತೊಟ್ಟಿನ ಬುಡದ ಕಡೆ ಮಾತ್ರ. ಸೀಳಿನ ಸಂದಿಗಳಲ್ಲಿ ಬಿಳಿ ದಾರಗಳು ನೇತಾಡುತ್ತಿದ್ದರೆ ವಾಷಿಂಗ್ಟೋನಿಯಾ. ಇಡೀ ಎಲೆ ಬೆಳ್ಳಿ ನೀಲಿ ಬಣ್ಣವಿದ್ದು ತೊಟ್ಟಿನ ಮೇಲೆ ಬಿಳಿ ಮೇಣ ಇದ್ದರೆ ಬಿಸ್ಮಾರ್ಕಿಯಾ, ಇದಕ್ಕೆ ಹತ್ತಿರದ ಫೋಟೋ ಬೇಕೇ ಇಲ್ಲ. ಎಲೆ ಸೀಳೇ ಇಲ್ಲದೆ ದುಂಡಗೆ ನೆರಿಗೆ ನೆರಿಗೆಯಾಗಿದ್ದರೆ ಲಿಕ್ಯುಆಲಾ ಗ್ರಾಂಡಿಸ್. ಕಡ್ಡಿಯಂಥ ತೆಳ್ಳನೆ ಕಾಂಡಗಳ ಗುಂಪು, ಕಾಂಡಕ್ಕೆ ಕಂದು ನಾರಿನ ಜಾಲ, ಎಲೆಯ ಪಟ್ಟಿಗಳ ತುದಿ ಮೊಂಡಾಗಿ ಸಣ್ಣ ಹಲ್ಲುಗಳಿದ್ದರೆ ರಾಪಿಸ್, ಕಚೇರಿಗಳ ಒಳಗೆ ಇಡುವುದು ಅದೇ.

ಕಾಯಿ ಮಾತ್ರ ಸಿಕ್ಕಿದೆ, ಮರ ಯಾವುದು ಅಂತ ಗೊತ್ತಿಲ್ಲ.

ಅಡ್ಡ ಕತ್ತರಿಸಿ ತೆಗೆಯಿರಿ. ಅಡಿಕೆಯಲ್ಲಿ ಬಿಳಿ ಕಂದು ಗೆರೆಗಳು ಒಳಕ್ಕೆ ನುಗ್ಗಿರುವುದು ಎಲ್ಲರೂ ನೋಡಿದ್ದೇ, ಅದು ಬಗನಿ ಬೀಜದಲ್ಲೂ ಇದೆ. ಫೀನಿಕ್ಸ್ ಬೀಜದ ಉದ್ದಕ್ಕೂ ಒಂದು ಗೀರು ಇರುತ್ತದೆ. ಗಟ್ಟಿ ಚಿಪ್ಪಿನ ಮೇಲೆ ಮೂರು ಕಣ್ಣಿದ್ದರೆ ತೆಂಗಿನ ಬಳಗ. ಎಣ್ಣೆ ತಾಳೆಯ ಪುಟ್ಟ ಚಿಪ್ಪಿನಲ್ಲೂ ಸಾಮಾನ್ಯವಾಗಿ ಮೂರು ಕಣ್ಣು ಕಾಣುತ್ತವೆ. ಕಾಯಿಯ ಹೊರಮೈ ಮೇಲೆ ಒಂದರ ಮೇಲೊಂದು ಹೊದಿಸಿದ ಹೊಳೆಯುವ ಹುರುಪೆಗಳಿದ್ದರೆ ಬೆತ್ತ, ಎರಡನೇ ಮಾತಿಲ್ಲ.

## ಇನ್ನೂ ಆಳಕ್ಕೆ ಹೋಗುವವರಿಗೆ

ಪಶ್ಚಿಮ ಘಟ್ಟದ ಕಾಡಲ್ಲಿ ಅಡಿಕೆ ತರದ್ದೇ ತೆಳ್ಳನೆ ಗಿಡ ನೋಡಿದೆ. ತೋಟದಿಂದ ಬಂದಿದ್ದಾ?

ದಟ್ಟ ಕಾಡಿನ ನೆರಳಲ್ಲಿ, ಹಳ್ಳದ ಬದಿಯಲ್ಲಿ, ತೆಳ್ಳನೆ ಹಸಿರು ಕಾಂಡಗಳು ಗುಂಪಾಗಿ ಇದ್ದರೆ ಅದು ಪಿನಾಂಗ ಡಿಕ್ಸೋನಿ, ಘಟ್ಟದ್ದೇ ಸ್ವಂತ ಗಿಡ. ಉಂಗುರ, ಹಸಿರು ಕೊಳವೆ ಎಲ್ಲಾ ಅಡಿಕೆಯ ಹಾಗೇ ಇದ್ದರೂ ಕಾಂಡ ತೀರಾ ಸಣ್ಣ. ಪಕ್ಕದಲ್ಲಿ ಕೈ ಇಟ್ಟು ಫೋಟೋ ತೆಗೆದರೆ ಸಾಕು. ಅದೇ ಕಾಡಿನಲ್ಲಿ ಅರೆಂಗಾ ವೈಟೈ ಕೂಡ ಸಿಗಬಹುದು. ಅದರ ಕಿರುಎಲೆಯ ಹಿಂಬದಿ ಬೆಳ್ಳಿ ಬಣ್ಣ, ಬುಡದಲ್ಲಿ ಕಿವಿಯಂಥ ಚಾಚು, ಮಡಿಕೆ ನೀರು ನಿಲ್ಲುವ ಬಗೆ. ಅಡಿಕೆ, ಪಿನಾಂಗಗಳದು ನೀರು ಹರಿಯುವ ಬಗೆ. ಗಿಡ ಕೀಳುವುದು, ಗರಿ ಕಡಿಯುವುದು ಏನೂ ಬೇಡ, ಬಗ್ಗಿ ನೋಡಿದರೆ ಕಾಣುತ್ತದೆ.

ಬೆತ್ತದಲ್ಲಿ ಯಾವ ಬೆತ್ತ ಅಂತ ಫೋಟೋದಿಂದ ಹೇಳಬಹುದಾ?

ಕಷ್ಟ, ಆದರೆ ಆಗದ್ದಲ್ಲ. ಎಳೆಯ ಬೆತ್ತದ ಫೋಟೋ ಬೇಡವೇ ಬೇಡ, ಹಬ್ಬಲು ಶುರು ಮಾಡಿದ್ದರದ್ದು ತೆಗೆಯಿರಿ. ಹಾಳೆಯ ಮೇಲೆ ಮುಳ್ಳು ಹೇಗೆ ಜೋಡಿಸಿಕೊಂಡಿದೆ ಅನ್ನುವುದು ಮೊದಲ ಗುರುತು: ಬಿಡಿಬಿಡಿಯಾಗಿಯೋ, ಸಾಲಾಗಿಯೋ, ಓರೆ ಗೆರೆಯಲ್ಲೋ, ಉದ್ದ ಗಿಡ್ಡ ಬೆರೆತೋ. ತೊಟ್ಟಿನ ಬುಡದ ಕೆಳಗೆ ಹಾಳೆಯಲ್ಲಿ ಮೊಣಕಾಲಿನಂಥ ಉಬ್ಬು ಇದೆಯೋ ನೋಡಿ. ಇನ್ನೊಂದು ಬಹಳ ಮುಖ್ಯ, ಹಬ್ಬಲು ಬಳಸುವ ಕೊಕ್ಕೆ ಮುಳ್ಳಿನ ಬಳ್ಳಿ ಎಲ್ಲಿಂದ ಹೊರಟಿದೆ ಅನ್ನುವುದು. ಗರಿಯ ತುದಿಯೇ ಉದ್ದವಾಗಿ ಮುಂದುವರಿದಿದೆಯೋ, ಹಾಳೆಯಿಂದ ಬೇರೆಯಾಗಿ ಹೊರಟಿದೆಯೋ? ಬಟ್ಟೆಗೆ ಸಿಕ್ಕಿಕೊಂಡಾಗ ಬೈದುಕೊಂಡು ಬಿಡಿಸಿಕೊಳ್ಳುವ ಮೊದಲು ಅದರದ್ದೊಂದು ಫೋಟೋ ತೆಗೆದುಬಿಡಿ. ಇಷ್ಟೆಲ್ಲ ಇದ್ದರೂ ಕಾಯಿ ಇಲ್ಲದೆ ನಾಗಬೆತ್ತವೋ ಬೇರೆಯೋ ಅಂತ ಪ್ರಭೇದ ಖಚಿತವಾಗಿ ಹೇಳುವವರನ್ನು ನಾನಂತೂ ಸ್ವಲ್ಪ ಅನುಮಾನದಿಂದಲೇ ನೋಡುತ್ತೇನೆ.

ಎರಡು ತಲೆ ಒಡೆದ ಪಾಮ್ ನೋಡಿದೆ. ಅದು ಬೇರೆ ಪ್ರಭೇದನಾ?

ತೆಂಗು, ಈಚಲು ಸುಳಿಗೆ ಪೆಟ್ಟಾದರೆ ಅಪರೂಪಕ್ಕೆ ಕವಲೊಡೆಯುತ್ತವೆ, ಪ್ರಭೇದ ಬದಲಾಗುವುದಿಲ್ಲ. ಸಹಜವಾಗಿಯೇ ಕವಲೊಡೆಯುವುದು ಹೈಫೀನೆ ಕುಲದ ಪಾಮ್, ಅದು ನಮ್ಮ ದೇಶದಲ್ಲಿ ಗುಜರಾತ್, ದಿಯು ಕರಾವಳಿಯಲ್ಲಿದೆ. ಎಲೆ ನೋಡಿ, ಅದರದ್ದು ಬೀಸಣಿಗೆ.

ಆ್ಯಪ್ ಒಂದು ಹೆಸರು ಹೇಳುತ್ತೆ, ನೀವು ಇನ್ನೊಂದು ಹೇಳ್ತೀರಿ. ಯಾರನ್ನು ನಂಬೋದು?

ಯಾರನ್ನೂ ಸುಮ್ಮನೆ ನಂಬಬೇಡಿ, ಗುರುತು ಕೇಳಿ. ಆ್ಯಪ್‌ಗೆ ಕೊಟ್ಟ ಫೋಟೋದಲ್ಲಿ ಇದ್ದದ್ದು ಒಂದು ಆಕಾರ. ಆ ಆಕಾರಕ್ಕೆ ಹತ್ತಿರದ್ದನ್ನು ಅದು ಹೇಳುತ್ತದೆ, ಅದರಲ್ಲೂ ಜಗತ್ತಿನಲ್ಲಿ ಜಾಸ್ತಿ ಫೋಟೋ ಇರುವ ಮನೆ ಗಿಡಗಳ ಕಡೆಗೆ ವಾಲುತ್ತದೆ. ಹೂ, ಕಾಯಿ, ಹಾಳೆ ಹೀಗೆ ಬೇರೆ ಬೇರೆ ಭಾಗದ ಫೋಟೋ ಒಂದೊಂದಾಗಿ ಕೊಟ್ಟು ನೋಡಿ. ಪ್ರತಿ ಸಲ ಬೇರೆ ಹೆಸರು ಬಂದರೆ ಅದಕ್ಕೂ ಗೊತ್ತಿಲ್ಲ ಅಂತ ಅರ್ಥ. ಬಂದ ಹೆಸರನ್ನು ಮಡಿಕೆಯ ಜೊತೆ ಹೋಲಿಸಿ ನೋಡಿ. ಆ್ಯಪ್ ಫೀನಿಕ್ಸ್ ಅಂದು, ನಿಮ್ಮ ಕೈಯಲ್ಲಿರುವ ಎಲೆ ತಲೆಕೆಳಗಾದ ವಿ ಆಗಿದ್ದರೆ, ಎಲೆ ಹೇಳಿದ್ದೇ ಸರಿ. ಅಭ್ಯಾಸ ಮಾಡಬೇಕೆಂದರೆ ಲಾಲ್‌ಬಾಗ್‌ನಂಥ ಜಾಗಕ್ಕೆ ಹೋಗಿ, ಹೆಸರಿನ ಫಲಕ ಇರುವ ಮರದ ಹತ್ತಿರದ ಫೋಟೋಗಳನ್ನು ತೆಗೆದಿಟ್ಟುಕೊಳ್ಳಿ. ಮನೆಯಲ್ಲಿ ಹೋಲಿಸಲು ಅದಕ್ಕಿಂತ ಒಳ್ಳೆಯದು ಇಲ್ಲ.

ಇಷ್ಟೆಲ್ಲ ಫೋಟೋ ಕಳಿಸಿದರೂ ಬರೀ ಫೀನಿಕ್ಸ್ ಅಂದುಬಿಟ್ರಿ. ಪೂರ್ತಿ ಹೆಸರು ಹೇಳೋಕೆ ಆಗಲ್ವಾ?

ಕೆಲವು ಸಲ ಆಗುವುದಿಲ್ಲ, ಮತ್ತು ಅಲ್ಲಿಗೆ ನಿಲ್ಲಿಸುವುದೇ ಸರಿಯಾದ ಉತ್ತರ. ಫೀನಿಕ್ಸ್ ಪ್ರಭೇದಗಳು ಅಕ್ಕಪಕ್ಕ ನೆಟ್ಟರೆ ಒಂದರ ಪರಾಗ ಇನ್ನೊಂದಕ್ಕೆ ಬಿದ್ದು ಮಿಶ್ರತಳಿ ಹುಟ್ಟುತ್ತವೆ. ಪಾರ್ಕಿನ ಬೀಜದಿಂದ ನರ್ಸರಿಯಲ್ಲಿ ಬೆಳೆಸಿದ ಗಿಡದಲ್ಲಿ ಅಪ್ಪನ ಮುಳ್ಳು, ಅಮ್ಮನ ಗರಿ ಇರಬಹುದು. ವಾಷಿಂಗ್ಟೋನಿಯಾದ ಎರಡು ಪ್ರಭೇದಗಳ ಕಥೆಯೂ ಇದೇ. ಕಾಡಿನದ್ದಾದರೆ ಜಾಗ ನೋಡಿ ಧೈರ್ಯವಾಗಿ ಹೇಳಬಹುದು, ನೆಟ್ಟದ್ದಾದರೆ ಕುಲದ ಹೆಸರಿಗೆ ನಿಲ್ಲಿಸಿ, ಹೂ ಕಾಯಿ ಬಂದಾಗ ಮತ್ತೆ ನೋಡುವುದು ಮೇಲು.

ಡಿಪ್ಸಿಸ್ ಅಂತ ಬರೆದಿಟ್ಟುಕೊಂಡಿದ್ದೆ, ಈಗ ಕ್ರಿಸಾಲಿಡೋಕಾರ್ಪಸ್ ಅಂತಾರೆ. ಯಾವುದು ಸರಿ?

ಎರಡೂ ಒಂದೇ ಗಿಡ, ನರ್ಸರಿಯ ಅದೇ ಅರೆಕಾ ಪಾಮ್. 2022ರಲ್ಲಿ ಡಿಪ್ಸಿಸ್ ಕುಲವನ್ನು ಒಡೆದು ಹಲವು ಪ್ರಭೇದಗಳನ್ನು ಹಳೆಯ ಕ್ರಿಸಾಲಿಡೋಕಾರ್ಪಸ್ ಹೆಸರಿಗೆ ವಾಪಸ್ ಸೇರಿಸಿದರು. ನಿಮ್ಮ ಫೋಟೋದ ಕಡತದಲ್ಲಿ ಎರಡೂ ಹೆಸರು ಬರೆದಿಡಿ. ನರ್ಸರಿಯ ಚೀಟಿಗಳಲ್ಲಿ ಇನ್ನೂ ಬಹುಕಾಲ ಹಳೆಯದೇ ಇರುತ್ತದೆ, ಹುಡುಕುವಾಗ ಯಾವುದು ಹಾಕಿದರೂ ಸಿಗುತ್ತದೆ.